ಹದಿನಾಲ್ಕನೆಯ ಮೇಜು

ಶಿವರಾತ್ರಿಗಿನ್ನೂ ಎಂಟು ದಿನ,
ಬಳ್ಳಾರಿಯ ಬಿಸಿಲು ಆಗಲೇ ಕೊಡೆ ಕೇಳುತ್ತಿದೆ.
ಭಾನುವಾರ ಅರ್ಧ ದಿನ ರಜೆ. ಹೊನ್ನೂರಬಿ ಅಂದಳು:
"ಹೂವು ನೋಡಾಕೂ ಟಿಕೀಟಂತ, ಇಪ್ಪತ್ತು ರೂಪಾಯಿ.
ಏನಿಟ್ಟಾರ ನೋಡೇ ಬಿಡಾಣ, ನಡಿ."

ಕೌಲ್ ಬಜಾರಿನಿಂದ ಶೇರ್ ಆಟೋ.
ಯಾವ ಸೋಪಿಗೂ ಬಗ್ಗದ ನೀಲಿ
ನಮ್ಮಿಬ್ಬರ ಉಗುರಿನ ಸಂದಿಯಲ್ಲಿ.
ಟಿಕೀಟು ಹರಿದುಕೊಟ್ಟ ಹುಡುಗ ಅಂಗೈ ನೋಡಿ
ಮೆಹಂದಿಯಾ ಅಕ್ಕಾ ಅಂದ.
ಹೂಂನಪ್ಪ, ಜೀನ್ಸಿನ ಮೆಹಂದಿ.

ಒಳಗೆ ಸೇವಂತಿಗೆಯಲ್ಲಿ ಕಟ್ಟಿದ ಕೋಟೆ.
ನಿಜದ ಗುಡ್ಡ ಬೇಲಿಯಾಚೆ ನಿಂತು
ಬೋಳುತಲೆ ಕಾಯಿಸಿಕೊಳ್ಳುತ್ತ
ತನ್ನ ಹಳದಿ ಮರಿಯನ್ನು ಇಣುಕಿ ನೋಡುತ್ತಿದೆ.
ಒಂದು ಬುರುಜು ಮಧ್ಯಾಹ್ನಕ್ಕೇ ಬಾಡಿ ವಾಲಿತ್ತು;
ಪಂಪು ಹೆಗಲಿಗೇರಿಸಿದ ಮಾಲಿ ನೀರು ಚಿಮುಕಿಸುತ್ತ
ಸೋತ ಸೈನ್ಯಕ್ಕೆ ಅನ್ನುವಂತೆ ಏನೋ ಗೊಣಗುತ್ತಿದ್ದ.

ಕಲ್ಲಂಗಡಿಯಲ್ಲಿ ಕೊರೆದ ದೊಡ್ಡವರ ಮುಖಗಳು:
ಕೆಳಗೆ ಹೆಸರು ಬರೆಯದಿದ್ದರೆ ಎಲ್ಲರೂ ಒಬ್ಬರೇ.
ಹಾಗಲಕಾಯಿ ಮೊಸಳೆಗೆ ಕೆಂಪು ಮೆಣಸಿನ ನಾಲಿಗೆ.
ಗುಲಾಬಿ ಎಷ್ಟು ಥರ! ಒಂದೊಂದಕ್ಕೂ
ಓದಲು ಬಾರದ ಹೆಸರಿನ ಚೀಟಿ.

"ನೀಲಿ ಹೂವು ಯಾಕಿಲ್ಲ ಸಾರ್?"
ಹೊನ್ನೂರಬಿ ಇಲಾಖೆಯವರನ್ನೇ ಹಿಡಿದಳು.
ಅವರು ಕನ್ನಡಕ ಒರೆಸಿಕೊಂಡು
"ನಮ್ಮ ಬಿಸಿಲಿಗೆ ನಿಲ್ಲಂಗಿಲ್ಲಮ್ಮ" ಅಂದರು.
ನಾನು ಸುಮ್ಮನಿದ್ದೆ.
ವಾಶಿಂಗ್ ಯೂನಿಟ್ಟಿನ ಹಿಂದೆ, ಬಣ್ಣದ ನೀರಿನ ಚರಂಡಿ ಪಕ್ಕ
ತಂತಿಬೇಲಿಗೆ ಹಬ್ಬಿರುವ ಶಂಖಪುಷ್ಪಕ್ಕೆ
ಈ ಸುದ್ದಿ ಇನ್ನೂ ಮುಟ್ಟಿಲ್ಲ.

ಶಾಮಿಯಾನದಡಿ ಸಿಂಗರಿಸಿದ ಮೇಜುಗಳ ಸ್ಪರ್ಧೆ.
ಪಿಂಗಾಣಿ ತಟ್ಟೆ, ಮುಳ್ಳುಚಮಚ,
ಹಂಸದ ಹಾಗೆ ಮಡಚಿದ ಕರವಸ್ತ್ರ,
ಗಾಜಿನ ಬಟ್ಟಲಲ್ಲಿ ತೇಲುವ ಜರ್ಬೆರಾ.
ಮೇಜಿಗೆ ಆರು ಕುರ್ಚಿ; ಯಾರೂ ಕೂರುವಂತಿಲ್ಲ.
ಯಾರೋ ಈಗ ಬರುತ್ತಾರೆ ಅನ್ನಿಸುವಂತೆ ಇಟ್ಟರೆ ಸಾಕು,
ಬಹುಮಾನ ಅದಕ್ಕೇ.
"ಬೀಗರು ಬರದ ಮನೀ ಹಂಗೈತಿ" ಅಂದಳು ಹೊನ್ನೂರಬಿ.

ಹದಿನಾಲ್ಕನೆಯದಕ್ಕೆ ಎರಡನೇ ಬಹುಮಾನದ ರಿಬ್ಬನ್ನು.
ಹಾಸು ನೀಲಿ ಡೆನಿಮ್ಮು,
ಅಂಚಿಗೆ ಕಿತ್ತಳೆ ದಾರದ ಜೋಡಿ ಹೊಲಿಗೆ,
ಬಲಮೂಲೆಯಲ್ಲಿ ಮೂರು ಹೊಲಿಗೆ ತಪ್ಪಿ
ಮತ್ತೆ ದಾರಿ ಹಿಡಿದಿದೆ.

ಏಳನೇ ನಂಬರ್ ಮಷೀನು.
ದಪ್ಪ ಸಿಕ್ಕಲ್ಲಿ ಎಡವುವುದು ಅದರ ಹುಟ್ಟುಗುಣ;
ಒಂಬತ್ತು ವರ್ಷದಿಂದ ನನ್ನ ಬಲಗಾಲು ಅದನ್ನು ಬೈಯುತ್ತಿದೆ.
ದೀಪಾವಳಿ ಹಿಂದುಮುಂದು ಯಾರಿಗೋ ಅಂತ
ಸೇಠು ಮೂರು ಗಜ ಹೊಲಿಸಿದ್ದ.
ಪರದೆಗಿರಬೇಕು ಅಂದುಕೊಂಡಿದ್ದೆ.

ಚೀಟಿಯಲ್ಲಿ: ಶ್ರೀಮತಿ ವಾರಿಜಾ, ಗಾಂಧಿನಗರ.
ಆ ಹೆಸರಿನ ಮೇಲೆ ನನಗೆ ಸಿಟ್ಟೇನಿಲ್ಲ.
ಹೂವು ಚೆನ್ನಾಗಿಯೇ ಇಟ್ಟಿದ್ದಾಳೆ.
ಎಲ್ಲ ಬಳ್ಳಿಯೂ ನಡುವಿನಿಂದ ಇಳಿದರೆ
ಒಂದು ಮಾತ್ರ ಸುತ್ತು ಹಾಕಿ ಬಂದು
ಆ ಮೂಲೆಯ ಮೇಲೆ ಎಲೆ ಚಾಚಿದೆ.
ಅಂದರೆ ಆಕೆಯೂ ಕಂಡಿದ್ದಾಳೆ.
ಈ ಊರಲ್ಲಿ ಆ ಮೂರು ಹೊಲಿಗೆ ಗೊತ್ತಿರುವವರು
ನಾವು ಇಬ್ಬರು.

ಎಲೆಯ ಕೆಳಗೆ ದಾರದ ತುದಿಯೊಂದು ಜೋತುಬಿದ್ದಿತ್ತು.
ಅದನ್ನು ಬಿಟ್ಟು ಬರುವುದು ಆಗದ ಮಾತು.
ಬಗ್ಗಿದೆ, ಹಲ್ಲಲ್ಲಿ ಕಡಿದೆ.
ಸೀಟಿ ಊದುತ್ತ ಓಡಿಬಂದ ಕಾಲೇಜು ಹುಡುಗ:
"ಮುಟ್ಟಬಾರದು ಅಂತ ಬೋರ್ಡ್ ಐತಲ್ಲ!"
"ಮುಟ್ಟಿಲ್ಲಪ" ಅಂದಳು ಹೊನ್ನೂರಬಿ, "ಕಚ್ಚ್ಯಾಳ."

ಅವಳಿಗೆ ನಾನಿನ್ನೂ ಏನೂ ಹೇಳಿರಲಿಲ್ಲ.
ಗೇಟು ದಾಟುವವರೆಗೂ ನಕ್ಕಳು, ಯಾಕೆಂದು ಕೇಳದೆ.

ಹೊರಗೆ ತಳ್ಳುಗಾಡಿಯ ಒಗ್ಗರಣಿ-ಮಿರ್ಚಿ.
ಪೇಪರ್ ತಟ್ಟೆ ಇಡಲು ಜಾಗವಿಲ್ಲದೆ
ಫುಟ್‌ಪಾತಿನಲ್ಲಿ ಕೂತು ಹೊನ್ನೂರಬಿ
ಮೊಣಕಾಲ ಮೇಲೆ ದುಪಟ್ಟಾ ಹಾಸಿದಳು,
ನಾಲ್ಕೂ ಮೂಲೆ ಎಳೆದು, ಸರಿಮಾಡಿ.
ನನ್ನ ನಾಲಿಗೆಯ ತುದಿಗೆ ಕಿತ್ತಳೆ ದಾರ ಇನ್ನೂ ಅಂಟಿಕೊಂಡಿತ್ತು.
ಉಗುಳಿ,
ಎರಡನೇ ಮಿರ್ಚಿಗೆ ಕೈಹಾಕಿದೆ.