ನಲವತ್ತು ನಿಮಿಷ

ಯಾಕುತ್ಸ್ಕ್ ಬಿಡುವುದು ಬೆಳಗ್ಗೆ ಒಂಬತ್ತಕ್ಕೆ,
ಮಾಸ್ಕೋ ಮುಟ್ಟುವುದು ಬೆಳಗ್ಗೆ ಒಂಬತ್ತೂ ನಲವತ್ತಕ್ಕೆ.
ಟಿಕೆಟ್ಟನ್ನು ತಿರುವಿ ಮುರುವಿ ನೋಡಿ
ಸರ್ಗಿಲಾನಾ ಕೌಂಟರಿನ ಹುಡುಗಿಯನ್ನು ಕೇಳಿದಳು:
ಏನಮ್ಮಾ, ಪಕ್ಕದ ಬೀದಿಗಾ ಇದು?

ಅಲ್ಲವಂತೆ.
ಐದು ಸಾವಿರಕ್ಕೆ ತುಸುವೇ ಕಡಿಮೆ ಕಿಲೋಮೀಟರು,
ಆರು ಗಂಟೆ ನಲವತ್ತು ನಿಮಿಷದ ಆಕಾಶ.
ಆರು ಗಂಟೆ ಅವರು ವಾಪಸು ಕೊಡುತ್ತಾರೆ,
ಚಿಲ್ಲರೆ ಮಾತ್ರ ಇಟ್ಟುಕೊಳ್ಳುತ್ತಾರೆ.
ಬರುವಾಗ?
ಬರುವಾಗ ಕೊಟ್ಟಷ್ಟನ್ನೂ ಕಿತ್ತುಕೊಳ್ಳುತ್ತಾರೆ, ಅಕ್ಕಾ.

ಇಪ್ಪತ್ತೆರಡು ಚಳಿಗಾಲ ಅವಳು
ಎರಡೆರಡು ಕೈಗವಸು ತೊಟ್ಟು ಸಂತೆಯಲ್ಲಿ ನಿಂತವಳು.
ಅವಳ ಮೀನುಗಳೂ ನಿಂತೇ ಇರುತ್ತವೆ,
ಬಕೆಟ್ಟಿನಲ್ಲಿ ನೆಟ್ಟಗೆ, ಸೌದೆಯ ಹಾಗೆ, ಬಾಯಿ ತೆರೆದು,
ಏನೋ ಹೇಳಹೊರಟಾಗಲೇ ಹೆಪ್ಪುಗಟ್ಟಿದಂತೆ.

ತಂಗಿ ಕ್ಯುನ್ನೇಯ ಜೊತೆ ಮಾತು ನಿಂತದ್ದೂ ಹಾಗೆಯೇ.
ಆಸ್ತಿಗಲ್ಲ, ಅವ್ವನ ಬೆಳ್ಳಿಯ ಎದೆಹಾರಕ್ಕಲ್ಲ.
ಅಂಗಡಿ ತೆರೆಯುವ ಹೊತ್ತಿಗೆ ಇವಳು ಫೋನು ಮಾಡುವಳು,
ಅಲ್ಲಿ ರಾತ್ರಿ ಎರಡು.
"ನಿನ್ನ ಬೆಳಗು ನನ್ನ ನಡುರಾತ್ರಿ ಅಂತ
ಒಮ್ಮೆಯಾದರೂ ನೆನೆದೆಯಾ?"
"ನೀನು ಮಾತ್ರ? ಊಟ ಮುಗಿಸಿ ಹರಟೆಗೆ ಕೂರುತ್ತೀ,
ನನಗಿಲ್ಲಿ ಮೂರನೇ ಜಾವ!"
ಹನ್ನೊಂದು ವರ್ಷ. ಆರು ಗಂಟೆಯ ಜಗಳಕ್ಕೆ.

ಮೊನ್ನೆ ಬಂತು ಒಂದು ಸಾಲು:
ಚಿರ್ ಮೀನು ತಿನ್ನಬೇಕು ಅನಿಸುತ್ತಿದೆ.
ಇಲ್ಲಿಯದು ಹುಲ್ಲು.
ಬಂದದ್ದು ಇಲ್ಲಿಯ ಮಧ್ಯಾಹ್ನಕ್ಕೆ ಸರಿಯಾಗಿ.
ಅಲ್ಲಿ ಆರು, ಬೆಳಕೂ ಹರಿದಿರದ ಹೊತ್ತು.
ಎದ್ದು ಕೂತು, ಲೆಕ್ಕ ಹಾಕಿ, ಕಳಿಸಿದ್ದಾಳೆ.

ಕಾಲ ಕೆಳಗೆ ರಟ್ಟಿನ ಪೆಟ್ಟಿಗೆ, ಅದರಲ್ಲಿ ಮೂರು ಚಿರ್.
ಹೊಸ್ತಿಲಲ್ಲಿ ಮೈನಸ್ ಮೂವತ್ತಿತ್ತು, ಕಲ್ಲಿನಷ್ಟು ಗಟ್ಟಿ.
ಪಕ್ಕದ ಸೀಟಿನವ ಬೆಲ್ಟು ಬಿಗಿಯುವ ಮೊದಲೇ
ಕೈಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸಿಬಿಟ್ಟ.
ಇಷ್ಟು ಸಲೀಸಾ, ಅಂದುಕೊಂಡಳು.

ಎಡಗಿಟಕಿಯಲ್ಲಿ ಸೂರ್ಯ
ಮೊಳೆ ಹೊಡೆದು ತೂಗುಹಾಕಿದ ಹಾಗೆ, ಏರಲಿಲ್ಲ, ಇಳಿಯಲಿಲ್ಲ.
ಎರಡು ಸಲ ಚಹಾ ಕೊಟ್ಟರು. ಅದೇ ಬೆಳಗು.
ಒಂದು ನಿದ್ದೆ ಮುಗಿಯಿತು. ಅದೇ ಬೆಳಗು.
ಕೆಳಗೆ ಹೆಸರು ಗೊತ್ತಿಲ್ಲದ ನದಿಗಳು ಒಂದೊಂದೇ
ಬಿಳಿಯ ಮೇಲೆ ಬಿಳಿಯಾಗಿ ಹಿಂದೆ ಸರಿದವು.

ಇಳಿದಾಗ ಗೋಡೆಯ ಗಡಿಯಾರದಲ್ಲಿ ಒಂಬತ್ತೂ ನಲವತ್ತು,
ಚೀಟಿಯಲ್ಲಿ ಬರೆದಂತೆಯೇ.
ಹೋದ ಪುಟ್ಟ ಬಂದ ಪುಟ್ಟ ಅನ್ನಬೇಕು,
ಪೆಟ್ಟಿಗೆಯ ಮೂಲೆ ಮಾತ್ರ ಒದ್ದೆ.
ಮೀನಿಗೆ ಯಾರೂ ಆರು ಗಂಟೆ ವಾಪಸು ಕೊಟ್ಟಿರಲಿಲ್ಲ.

ಕಂಬದ ಪಕ್ಕ ಕ್ಯುನ್ನೇ. ಕೂದಲು ಅರ್ಧ ನರೆತಿದೆ.
ಕೈಚಾಚಿ ಪೆಟ್ಟಿಗೆಯನ್ನೇ ಮೊದಲು ತೆಗೆದುಕೊಂಡಳು.
ಅವಳ ಬೂಟಿನ ಮೇಲೆ ಒಂದು ಹನಿ, ಆಮೇಲೆ ಇನ್ನೊಂದು.
"ಕರಗಿದೆ."
"ದೂರದಿಂದ ಬಂದಿದೆ. ಚೂರಿ ಇದೆಯಾ ಮನೆಯಲ್ಲಿ?"
"ಇದೆ," ಅಂದಳು ತಂಗಿ, "ಮೊಂಡು."