ಐದು ಹೆಸರಿನ ಟಿಕೀಟು

ವಾಡಿ ಜಂಕ್ಷನ್ನಾಗ ಸಂಜಿ ಐದೂ ನಲ್ವತ್ತು.
ಬೇವಿನ ಎಲಿ ಮ್ಯಾಲ ಸಿಮೆಂಟಿನ ಹುಡಿ,
ನನ್ನ ಕರೀ ಕೋಟಿನ ಮ್ಯಾಲ ಅದೇ ಹುಡಿ.
ಕಲಬುರಗಿ ಕಡಿ ಗಾಡಿ. ಕಡೀ ಡಬ್ಬಿ ಹತ್ತಿದೆ.

ಕಿಟಕಿ ಬಾಜೂಕ ಒಬ್ಬಾಕಿ, ಹೊರದೇಶದಾಕಿ,
ಬಿಸಲಿಗಿ ಮೂಗಿನ ತೊಗಲು
ಉಳ್ಳಾಗಡ್ಡಿ ಸಿಪ್ಪಿಯಂಗ ಎದ್ದದ.
ಉಡಿಯಾಗ ಬಾರಿಹಣ್ಣು.
ಟಿಕೀಟ್, ಅಂದೆ.
ನಕ್ಕೋತ ಕೊಟ್ಟಳು.

ಕಲಬುರಗಿಯಿಂದ ಯಾದಗಿರಿ. ಒಬ್ಬರು. ಮುಂಜಾನಿ ಏಳರದು.
ಬೆನ್ನಿಗಿ ನೀಲಿ ಪೆನ್ನಿಲೆ
ಒಂದನೇತ್ತಾ ಹುಡುಗಿ ಬರದಂಗ ದುಂಡಗ
ಐದು ಹೆಸರು, ಇಂಗ್ಲಿಷಿನಾಗ:
ಗುಡ್ರುನ್, ದೇವಿಂದ್ರಪ್ಪ, ರುಕ್ಸಾನಾ, ಚಂದಮ್ಮ, ಶಾಂತಾಬಾಯಿ.

ಇದೇನ್ರೀ?
ದಿನದ ಪಾಸು, ಅಂದಳು.

ಆಕಿ ದೇಶದಾಗ ಒಂದು ಚೀಟಿ ಅದಂತ.
ದಿನಪೂರ್ತಿ ಯಾವ ಗಾಡಿಯಾದ್ರೂ ಹತ್ತು, ಎಲ್ಲ್ಯಾದ್ರೂ ಇಳಿ,
ಜೋರ್ ಓಡೋ ಗಾಡಿಗಿ ಮಾತ್ರ ನಡೆಯಂಗಿಲ್ಲ.
ಒಬ್ಬರೇ ಹೋದ್ರ ತುಟ್ಟಿ,
ಐದು ಮಂದಿ ಕೂಡಿದ್ರ ಭಾಳ ಸೋವಿ,
ಅದಕ್ಕ ಸ್ಟೇಷನ್ನಿನಾಗ ಗುರುತಿಲ್ಲದವರು ಗುರುತಿಲ್ಲದವರಿಗಿ ಕೇಳತಾರಂತ,
ನನ್ನ ಚೀಟಿಗಿ ಬರ್ತೀರೇನು ಅಂತ.
ಹೆಸರು ಮಾತ್ರ ಕೈಲೇ ಬರೀಬೇಕು.
ಇಲ್ಲಂದ್ರ ಅಲ್ಲಿ ಟೀಸಿ ಬಿಡಂಗಿಲ್ಲ.

"ನಿಮ್ಮದು ಎಷ್ಟು ಸೋವಿ ಇತ್ತಂದ್ರ
ಇದು ರಿಯಾಯತಿ ಪಾಸೇ ಅಂದ್ಕೊಂಡೆ.
ಕೌಂಟರಿನ್ಯಾಗ ಕೇಳ್ದೆ. ಯಸ್ ಯಸ್ ಅಂದ."

ಯಾದಗಿರಿಗಿ ಹೋಗಿ, ಕ್ವಾಟಿ ನೋಡಿ,
ಮತ್ತ ವಾಡಿಗಿ ಬಂದು, ನಾಲವಾರದಾಗ ಸುಮ್ನೆ ಇಳದು,
ಮತ್ತ ಹತ್ತಿ, ಹಿಂಗ ನಾಕ್ ಗಾಡಿ.
ಯಾರೂ ಕೇಳಿಲ್ಲ. ನಾನೇ ಮೊದಲ.

ದೇವಿಂದ್ರಪ್ಪ ತಿಂಗಳ ಪಾಸು ತೋರಸ್ದ,
ಪ್ಲಾಸ್ಟಿಕ್ಕಿನಾಗ ಮಡಚಿದ್ದು,
ಫೋಟೋದಾಗ ಮೀಸಿ ಇನ್ನಾ ಕರಗ ಅದ.
"ನಮಗ ಚೀಟಿ ಬೇಕಾಗಿಲ್ರಿ ಮ್ಯಾಡಮ್,
ಬಾಯಿ ಹೆಸರು ಕೇಳಿದ್ಳು, ಹೇಳಿದ್ವಿ."
ರುಕ್ಸಾನಾ, ಕಾಲೇಜಿನ ಪಾಸು.
ಚಂದಮ್ಮ, ದವಾಖಾನಿ ನರ್ಸು, ನಿದ್ದಿಗಣ್ಣಿನಾಗೇ ಪಾಸು ಮುಂದ ಹಿಡದ್ಳು.

ಉಳದಾಕಿ ಶಾಂತಾಬಾಯಿ.
ಆಕಿ ನನಗ ಗೊತ್ತು.
ನನ್ನ ಕೋಟು ಕಂಡ್ರ
ಬಾರಿಹಣ್ಣಿನ ಬುಟ್ಟಿ ತಲಿಗಿ ಏರಿಸಿ ಆ ಕಡಿ ಬಾಗಿಲಿಂದ ಇಳ್ಯಾಕಿ.
ಏಳು ವರ್ಷ. ಒಮ್ಮಿನೂ ಮಾರಿ ಸರಿಯಾಗಿ ನೋಡಿಲ್ಲ,
ಬೆನ್ನು ಅಷ್ಟೇ.
ಇವತ್ತ ಅಲುಗಾಡಲಿಲ್ಲ.
"ನನ್ನ ಹೆಸರು ಅದರಾಗ ಅದರಿ. ಈಕಿ ಬರದಾಳ."
ಬೆರಳು ಇಟ್ಟು ತೋರಿಸಿದ್ಳು,
ಗುಡ್ರುನ್ ಅಂತ ಬರದಲ್ಲಿ.

ಅಷ್ಟರಾಗ ಕಾಗಿಣಾ ಸೇತುವಿ ಬಂತು.
ಆ ಸಪ್ಪಳದಾಗ ಯಾರ ಮಾತೂ ಕೇಳಂಗಿಲ್ಲ.
ಛಲೋ ಆಯ್ತು.
ದಂಡ ಎಷ್ಟು, ದರ ಎಷ್ಟು, ಕೂಡಿಸೋದು
ಬಾಯಿಪಾಠ ಇದ್ದದ್ದು, ಎರಡು ಸಲ ತಪ್ಪಿತು.

ಸೇತುವಿ ಮುಗಿಯೂದ್ರಾಗ ಗುಡ್ರುನ್ ನೋಟು ತಗದಿದ್ಳು.
ಇಬ್ಬರದೂ, ಅಂದಳು.
ಚೀಟಿ ಯಾರದೋ ಅವರೇ ಎಲ್ಲಾರಿಗಿ ಹೊಣಿ, ಅದು ಅಲ್ಲಿ ಕಾಯ್ದೆ.
"ಬ್ಯಾಡ ತಗೀರಿ" ಅಂತ ಶಾಂತಾಬಾಯಿ ಸೆರಗಿನ ಗಂಟು ಬಿಚ್ಚತಿದ್ಳು,
ಚಿಲ್ಲರ, ಹತ್ತರ ನೋಟು, ಒಂದು ತಾಯತ.
ನಾ ಬರದೆ. ಮಂದಿ: ಎರಡು. ಕಾರ್ಬನ್ನು ಸವದಿತ್ತು, ಒತ್ತಿ ಬರದೆ.

ರಸೀದಿ ತಿರಗಾ ಮುರಗಾ ಮಾಡಿ ನೋಡಿ ಗುಡ್ರುನ್,
"ಹೆಸರು ಎಲ್ಲಿ ಬರೀಬೇಕು?"
ಜಾಗಾನೇ ಇಲ್ಲ, ಅಂದೆ.
ಬೆನ್ನಿಗಿ ಬರದ್ಳು. ಆಕಿದು, ಶಾಂತಾಬಾಯಿದು.
ಪೆನ್ನು ಎತ್ತಿ ಹಿಡದು ನನ್ನ ಕಡಿ ನೋಡಿದ್ಳು.
ಇನ್ನಾ ಮೂರು ಮಂದಿ ಹಿಡಸ್ತಾರಂತ.

ಮಹಾನಂದಾ, ಅಂದೆ.
ಯಾಕ ಅಂದೆನೋ. ಎರಡು ಸಲ ಕೇಳಿ ಬರಕೊಂಡ್ಳು.

ಶಹಾಬಾದ. ಮರತೂರ. ಹೊರಗ ತೊಗರಿ ಕೊಯ್ದ ಹೊಲ, ಕತ್ತಲಿ.
ಕಲಬುರಗಿಯಾಗ ಇಳೀವಾಗ ರಸೀದಿ ಶಾಂತಾಬಾಯಿ ಕೈಯಾಗಿತ್ತು,
ಗುಡ್ರುನ್ ಕೊಟ್ಟು ಹೋಗಿದ್ಳು.
ನಾಕ್ ಮಡಿಕಿ ಮಾಡಿ ಎಲಿಅಡಕಿ ಚೀಲದಾಗ ಇಟಗೊಂಡು
ಬುಟ್ಟಿ ತಲಿಗಿ ಏರಿಸಿ, ನಾ ನಿಂತ ಬಾಗಿಲಿಂದೇ ಇಳದು,
ಹೊಳ್ಳಿ ಕೇಳಿದ್ಳು:

"ಬಾಯಿ, ಇದು ನಾಳಿಗೂ ನಡೀತದೇನ್ರಿ?"