ಏಳನೆಯ ತಿಂಗಳು

ಮೊದಲ ದಿನ ಆರ್ಮಾಂಡ್ ವೆಲೆಟ್ ಪಾಠ ಮಾಡಲಿಲ್ಲ.
ಎಡಗೈ ಎತ್ತಿ ತೋರಿಸಿದ, ಅಷ್ಟೇ.
ತೋರುಬೆರಳು ಅರ್ಧಕ್ಕೇ ನಿಂತಿತ್ತು,
ಹೇಳಹೊರಟ ಮಾತು ಮರೆತವರ ಹಾಗೆ.
"ತಿಂದದ್ದು ಇದೇ" ಎಂದು
ಹಸಿರು ಬಣ್ಣದ ಲೇತ್ ಯಂತ್ರದ ಬೆನ್ನು ತಟ್ಟಿದ,
ಹಾಯುವ ಹಸುವನ್ನೂ ಸಾಕಿದವನ ಸಲಿಗೆಯಲ್ಲಿ.

ಕಾಗದದ ಗಿರಣಿ ಮುಚ್ಚಿದಾಗ ಹರಾಜಾದ ಯಂತ್ರ.
ಯಾವುದೋ ಊರಿನ ಗುಜರಿಯಲ್ಲಿ ನಾಲ್ಕು ಚಳಿಗಾಲ ಮಲಗಿ
ಸರ್ಕಾರದ ದುಡ್ಡಿನಲ್ಲಿ ತಿರುಗಿ ಬಂದಿದೆ.
ಹಿಂದೆಯೇ ಆರ್ಮಾಂಡನೂ, ಗಂಟೆಗಿಷ್ಟು ಎಂದು.
ಮೇಯ್ನ್ ರಾಜ್ಯದ ಈ ಹೊಳೆದಂಡೆಯಲ್ಲಿ,
ಹಳೆಯ ಅಗ್ನಿಶಾಮಕ ಠಾಣೆಯೊಳಗೆ
ನಾವು ಹನ್ನೊಂದು ಮಂದಿ, ಹದಿನಾಲ್ಕು ವಾರ.
ಫೀಸಿಲ್ಲ. ಬಸ್ಸಿನ ಖರ್ಚು ಕೊಡುತ್ತಾರೆ.
ಸಹಿ ಮಾತ್ರ ತಪ್ಪಬಾರದು: ಬರುವಾಗೊಂದು, ಹೋಗುವಾಗೊಂದು,
ಊಟಕ್ಕೆದ್ದರೂ ಒಂದು.

ನಾನು ಇಪ್ಪತ್ತೆರಡು ವರ್ಷ ಶಾಲೆಯ ಅಡುಗೆಮನೆಯಲ್ಲಿದ್ದವಳು.
ಒಂದು ಹಿಡಿ, ಒಂದು ಚಿಟಿಕೆ, ಮಿಕ್ಕದ್ದೆಲ್ಲ ಕಣ್ಣಂದಾಜು.
ಇಲ್ಲಿ ಅಂಗುಲವನ್ನು ಸಾವಿರ ಪಾಲು ಮಾಡಿ
ಒಂದು ಪಾಲಿಗೆ ಜಗಳವಾಡುತ್ತಾರೆ.
"ಕೂದಲೆಳೆಯಲ್ಲಿ ತಪ್ಪಿತು ಅಂದೆಯಲ್ಲ,
ಎಲ್ಲಿ, ಒಂದು ಕೂದಲು ಕೊಡು" ಎಂದ.
ಕಿತ್ತು ಕೊಟ್ಟೆ. ಬಿಳಿಯದೇ ಬಂತು.
ಮೈಕ್ರೋಮೀಟರಿನ ದವಡೆಗಿಟ್ಟು ತಿರುಪಿ
"ಮೂರು" ಎಂದ. "ನಿನಗಿರುವ ಮಾಫಿ ಒಂದೇ."

ಹೊದಾನ್ ವಾರ್ಸಾಮೆಯ ತಲೆವಸ್ತ್ರದ ಅಂಚು
ತಿರುಗುವ ಉಕ್ಕಿನ ಹತ್ತಿರ ಹಾರಾಡುತ್ತಿತ್ತು.
ಹೇಗೆ ಹೇಳುವುದೆಂದು ಎಲ್ಲರೂ ಎಂಜಲು ನುಂಗುತ್ತಿದ್ದಾಗ
ಅವಳೇ ಅಂಚನ್ನು ಒಳಸೇರಿಸಿ, ಮೂರು ಪಿನ್ನು ಚುಚ್ಚಿ,
ಆರ್ಮಾಂಡನ ಕೊರಳಿನ ಕಡೆ ಬೆರಳು ಮಾಡಿದಳು.
ಶಿಲುಬೆ. ಅವನ ಅಮ್ಮನದು.
ಮೂವತ್ತು ವರ್ಷ ಹೊರಗೇ ನೇತಾಡಿದ್ದು
ಅಂಗಿಯೊಳಗೆ ಹೋಯಿತು.

ಒಂಬತ್ತನೆಯ ವಾರ ನನಗೆ ಕಿವಿ ಬಂತು.
ಉಕ್ಕು ಹದವಾಗಿ ಕುಯ್ಯುವಾಗ
ಕಾದ ಎಣ್ಣೆಗೆ ಈರುಳ್ಳಿ ಬಿದ್ದ ಸದ್ದು.
ಹೀಗೆಂದಾಗ ಎಲ್ಲರೂ ನಕ್ಕರು,
ಮರುದಿನದಿಂದ ಎಲ್ಲರಿಗೂ ಹಾಗೆಯೇ ಕೇಳಿಸತೊಡಗಿತು.
ಸುರುಳಿ ಸುರುಳಿ ನೀಲಿ ಸಿಪ್ಪೆ ಕಾಲಬುಡದಲ್ಲಿ.

ಆಮೇಲೆ ಪಂಪು ಕಾರ್ಖಾನೆಯವರು ಬಂದರು, ಮಣ್ಣು ಕಾಣದ ಬೂಟು.
ಆರು ತಿಂಗಳು ಅರ್ಧ ಸಂಬಳ ಸರ್ಕಾರದ್ದು, ಅರ್ಧ ಅವರದ್ದು.
ಏಳನೆಯ ತಿಂಗಳಿಂದ ಪೂರ್ತಿ ಅವರದ್ದೇ.
ಎಂಟು ಮಂದಿ ಸಾಕೆಂದರು.
ಹನ್ನೊಂದರಲ್ಲಿ ಎಂಟು ಕಳೆಯಲು
ಯಾವ ಮೈಕ್ರೋಮೀಟರೂ ಬೇಡ.
ಉಳಿದ ಮೂವರಿಗೆ ಪ್ರಮಾಣಪತ್ರ ಕೊಟ್ಟರು,
ಚೌಕಟ್ಟಿನ ಸಮೇತ.

ಪಕ್ಕದ ಯಂತ್ರದ ಟೆರಿ ಗಾನ್ಯೋಂ ಒಂದು ಮಧ್ಯಾಹ್ನ ಹೇಳಿದ:
"ಹೋದ ಸಲದ ತಂಡದಲ್ಲಿ ಆರು ಜನ.
ಆರು ತಿಂಗಳು ಮುಗಿದ ಸೋಮವಾರ, ಇಬ್ಬರು."
ಉಳಿದ ಮಾತನ್ನು ಬ್ರೆಡ್ಡಿನ ಜೊತೆ ನುಂಗಿದ.

ಇಲ್ಲಿ ಗೋಡೆಗೆ ಸಾಲು ಮೊಳೆ, ಮೊಳೆಗೊಂದು ಕಾಫಿ ಕಪ್ಪು.
ಬಣ್ಣ ಹಾರಿದವು, ಹೆಸರು ಬರೆದವು,
ಸತ್ತವನೊಬ್ಬನದು, ಯಾರೂ ಇಳಿಸಿಲ್ಲ.
ನನ್ನದು ಮಾತ್ರ ಟವೆಲ್ಲು ಸುತ್ತಿಕೊಂಡು
ಚೀಲದಲ್ಲಿ ದಿನಾ ಹೋಗಿ ದಿನಾ ಬಂತು.
ಹೊದಾನ್ ಮೊದಲ ದಿನವೇ ಮೊಳೆ ಹೊಡೆದಿದ್ದಳು.
"ನಾನು ಮನೆಯನ್ನೇ ಬಿಟ್ಟು ಬಂದವಳು," ಎಂದಳು,
"ಇದು ಕಪ್ಪು ತಾನೇ."

ಮೊನ್ನೆ ಠಾಣೆಯ ಮುಂದೆ ಹಾದುಬಂದೆ.
ಹೊಸ ತಂಡ. ಕಿಟಕಿಯಲ್ಲಿ ಎತ್ತಿದ ಎಡಗೈ ಕಂಡಿತು.

ನಾಳೆ ಸೋಮವಾರ. ಏಳನೆಯ ತಿಂಗಳ ಒಂದನೆಯ ದಿನ.
ಯಾರೂ ಏನೂ ಹೇಳಿಲ್ಲ,
ಬರಬೇಡ ಎಂದೂ, ಬಾ ಎಂದೂ.
ರಾತ್ರಿ ಅಡುಗೆಮನೆಯಲ್ಲಿ ನಿಂತು
ಕಪ್ಪಿನ ಹಿಡಿಯನ್ನು ಬೆರಳಲ್ಲಿ ಹಿಡಿದೆ.
ದಪ್ಪ ಅರ್ಧ ಅಂಗುಲ, ಮೇಲೆ ಸಾವಿರದ ಹನ್ನೆರಡು ಪಾಲು.
ಕಣ್ಣಂದಾಜೇ, ಆದರೆ ಈಗ ಬಾಜಿ ಕಟ್ಟಬಲ್ಲೆ.
ಟವೆಲ್ಲು ಬಿಚ್ಚಿ ಗೂಟಕ್ಕೆ ಹಾಕಿ,
ಚೀಲದೊಳಗೆ ಕಪ್ಪಿನ ಜೊತೆ
ಒಂದು ಮೊಳೆ ಇಟ್ಟುಕೊಂಡೆ.
ಸುತ್ತಿಗೆ ಅಲ್ಲೇ ಇರುತ್ತದೆ.